ಅತಿಥಿ, ಆತಿಥೇಯ, ಶತ್ರು: ಯುರೋಪಿನ ಭಾಷೆಗಳಲ್ಲಿ ಒಂದು ಪದದ ಅರ್ಥಚರಿತ್ರೆ

ಕನ್ನಡಿಗರು ದಿನನಿತ್ಯ ಬಳಸುವ ‘ಹೋಟೆಲು’, ‘ಹಾಸ್ಟೆಲು’, ‘ಆಸ್ಪತ್ರೆ’ ಎಂಬ ಮೂರು ಪದಗಳು ಯುರೋಪಿನ ಭಾಷೆಗಳಿಂದ ಬಂದವು ಎಂಬುದು ತಿಳಿದ ಸಂಗತಿ. ಈ ಮೂರೂ ಒಂದೇ ಲ್ಯಾಟಿನ್ ಪದದ ಸಂತತಿ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಆ ಪದದ ಒಡಲಲ್ಲಿರುವ ಮೊದಲ ಘಟಕವು ಸ್ವತಂತ್ರವಾಗಿ ನಿಂತಾಗ ಲ್ಯಾಟಿನ್ನಿನಲ್ಲಿ ‘ಶತ್ರು’ ಎಂಬ ಅರ್ಥವನ್ನೂ, ಜರ್ಮನ್ ಹಾಗೂ ರಷ್ಯನ್ ಭಾಷೆಗಳಲ್ಲಿ ‘ಅತಿಥಿ’ ಎಂಬ ಅರ್ಥವನ್ನೂ ಕೊಡುತ್ತದೆ ಎಂಬುದು ಇನ್ನೂ ಸೋಜಿಗದ ವಿಷಯ. ಒಂದೇ ಮೂಲದಿಂದ ಹೊರಟ ಪದವು ಒಂದೆಡೆ ಮನೆಯೊಳಕ್ಕೆ ಬರಮಾಡಿಕೊಳ್ಳಬೇಕಾದವನನ್ನೂ ಮತ್ತೊಂದೆಡೆ ಗಡಿಯಾಚೆ ನಿಲ್ಲಿಸಬೇಕಾದವನನ್ನೂ ಸೂಚಿಸುವಂತಾದುದು ಹೇಗೆ? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್, ಜರ್ಮನ್ ಮತ್ತು ಸ್ಲಾವಿಕ್ ಭಾಷೆಗಳ ಸಾಮಗ್ರಿಯ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿದೆ. ಈ ಪದವು ಮೊದಲಿಗೆ ಒಬ್ಬ ವ್ಯಕ್ತಿಯನ್ನಲ್ಲ, ಅಪರಿಚಿತರಿಬ್ಬರ ನಡುವಿನ ಒಂದು ಸಂಬಂಧವನ್ನು ಸೂಚಿಸುತ್ತಿತ್ತು. ಆ ಸಂಬಂಧಕ್ಕೆ ಆಸರೆಯಾಗಿದ್ದ ಸಾಮಾಜಿಕ ವ್ಯವಸ್ಥೆ ಬದಲಾದಂತೆ ಅರ್ಥವೂ ಕವಲೊಡೆಯಿತು ಎಂಬುದು ಇಲ್ಲಿನ ಪ್ರತಿಪಾದನೆ.

ರೂಪಗಳ ಸಂಬಂಧ

ತೌಲನಿಕ ಭಾಷಾವಿಜ್ಞಾನಿಗಳು ಈ ಪದಗಳಿಗೆಲ್ಲ *ಘೊಸ್ತಿಸ್ ಎಂಬ ಮೂಲ ಇಂಡೋ-ಯುರೋಪಿಯನ್ ರೂಪವನ್ನು ಪುನಾರಚಿಸಿದ್ದಾರೆ. ಲ್ಯಾಟಿನ್ನಿನ ‘ಹೊಸ್ತಿಸ್’, ಗಾಥಿಕ್ ಭಾಷೆಯ ‘ಗಸ್ತ್ಸ್’, ಜರ್ಮನ್ನಿನ ‘ಗಾಸ್ಟ್’, ಇಂಗ್ಲಿಷಿನ ‘ಗೆಸ್ಟ್’, ರಷ್ಯನ್ನಿನ ‘ಗೋಸ್ತ್’, ಪೋಲಿಷ್‌ನ ‘ಗೋಶ್ಚ್’, ಚೆಕ್ ಭಾಷೆಯ ‘ಹೊಸ್ತ್’ ಇವು ಅದರ ಜ್ಞಾತಿಪದಗಳು. ಮೂಲದ ಘಕಾರವು ಪದಾದಿಯಲ್ಲಿ ಲ್ಯಾಟಿನ್ನಿನಲ್ಲಿ ಹಕಾರವಾಗಿಯೂ, ಜರ್ಮಾನಿಕ್ ಹಾಗೂ ಸ್ಲಾವಿಕ್ ಶಾಖೆಗಳಲ್ಲಿ ಗಕಾರವಾಗಿಯೂ ಪರಿಣಮಿಸಿದೆ. ಮೂಲದ ಹ್ರಸ್ವ ಒಕಾರವು ಜರ್ಮಾನಿಕ್ ಶಾಖೆಯಲ್ಲಿ ಅಕಾರವಾಗಿದೆ. ಇದು ಈ ಒಂದು ಪದಕ್ಕೆ ಮಾತ್ರ ಹೇಳಿ ಮಾಡಿಸಿದ ನಿಯಮವಲ್ಲ. ಮೇಕೆಮರಿ ಎಂಬರ್ಥದ ಲ್ಯಾಟಿನ್ನಿನ ‘ಹೈದುಸ್’ ಪದಕ್ಕೆ ಗಾಥಿಕ್‌ನಲ್ಲಿ ‘ಗೈತ್ಸ್’, ಇಂಗ್ಲಿಷಿನಲ್ಲಿ ‘ಗೋಟ್’ ಎಂಬ ರೂಪಗಳಿವೆ. ಎಂಟು ಎಂಬರ್ಥದ ‘ಒಕ್ತೋ’ ಪದಕ್ಕೆ ಗಾಥಿಕ್‌ನಲ್ಲಿ ‘ಅಹ್ತೌ’ ಎಂಬ ರೂಪವಿದೆ. ಹಳಗನ್ನಡದ ‘ಪಾಲ್’, ‘ಪೂ’ಗಳು ‘ಹಾಲು’, ‘ಹೂ’ಗಳಾದುದನ್ನು ಬಲ್ಲ ಕನ್ನಡ ಅಭ್ಯಾಸಿಗಳಿಗೆ ಇಂಥ ಕ್ರಮಬದ್ಧ ಧ್ವನಿವ್ಯತ್ಯಾಸ ಅಪರಿಚಿತವೇನಲ್ಲ.

ಇದಕ್ಕೆ ಪ್ರತಿಯಾಗಿ, ಇಂಗ್ಲಿಷಿನಲ್ಲಿ ದೆವ್ವ ಎಂಬರ್ಥದ ‘ಘೋಸ್ಟ್’ ಪದವು ಮೂಲರೂಪಕ್ಕೆ ಎಷ್ಟೇ ಹತ್ತಿರವಾಗಿ ಕೇಳಿಸಿದರೂ ಅದಕ್ಕೂ ಈ ಕುಲಕ್ಕೂ ಸಂಬಂಧವಿಲ್ಲ. ಅದು ಜರ್ಮನ್ನಿನ ‘ಗೈಸ್ಟ್’ ಪದದ ಜ್ಞಾತಿ. ಕೇಳುವ ಕಿವಿಗೆ ತೋರುವ ಸಾಮ್ಯಕ್ಕಿಂತ ಧ್ವನಿನಿಯಮಕ್ಕೆ ಒಳಪಡುವ ಸಾಮ್ಯವೇ ಪ್ರಮಾಣ ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಇಂಗ್ಲಿಷಿನ ‘ಗೆಸ್ಟ್’ ಪದದ ಇಂದಿನ ರೂಪವೂ ನೇರವಾದುದಲ್ಲ. ಪ್ರಾಚೀನ ಇಂಗ್ಲಿಷಿನ ದೇಶೀಯ ರೂಪದ ಆದಿಯಲ್ಲಿ ಯಕಾರದ ಉಚ್ಚಾರಣೆಯಿತ್ತು. ಇಂದಿನ ಗಟ್ಟಿಯಾದ ಗಕಾರ ಪ್ರಾಚೀನ ನಾರ್ಸ್ ಭಾಷೆಯ ‘ಗೆಸ್ತರ್’ ರೂಪದ ಪ್ರಭಾವದಿಂದ ಬಂದುದು.

ಅರ್ಥದ ಕಡೆಗೆ ಹೊರಳಿದರೆ ಈ ಸ್ಪಷ್ಟತೆ ಇಲ್ಲವಾಗುತ್ತದೆ. ರೂಪಗಳೆಲ್ಲ ನಿಯಮಕ್ಕೆ ಬದ್ಧವಾಗಿದ್ದರೂ ಅರ್ಥಗಳು ಪರಸ್ಪರ ವಿರುದ್ಧವಾಗಿವೆ.

ಲ್ಯಾಟಿನ್: ಪರದೇಶೀಯನು ಶತ್ರುವಾದ ಬಗೆ

ಸಾಹಿತ್ಯಿಕ ಲ್ಯಾಟಿನ್ನಿನಲ್ಲಿ ‘ಹೊಸ್ತಿಸ್’ ಎಂದರೆ ರಾಜ್ಯದ ಶತ್ರು, ಯುದ್ಧದಲ್ಲಿ ಎದುರು ನಿಂತವನು. ಖಾಸಗಿ ದ್ವೇಷಿಗೆ ‘ಇನಿಮೀಕುಸ್’ ಎಂಬ ಬೇರೆಯೇ ಪದವಿತ್ತು. ಆದರೆ ‘ಹೊಸ್ತಿಸ್’ ಪದಕ್ಕೆ ಈ ಅರ್ಥ ಮೊದಲಿನಿಂದ ಇರಲಿಲ್ಲವೆಂಬುದನ್ನು ರೋಮನ್ನರೇ ಬಲ್ಲವರಾಗಿದ್ದರು. ಸಿಸೆರೋ ಕ್ರಿ.ಪೂ. 44ರಲ್ಲಿ ರಚಿಸಿದ ಕರ್ತವ್ಯಗಳನ್ನು ಕುರಿತ ಗ್ರಂಥದ ಮೊದಲ ಭಾಗದಲ್ಲಿ, ಪೂರ್ವಿಕರು ಪರದೇಶೀಯನನ್ನು ಈ ಹೆಸರಿನಿಂದ ಕರೆಯುತ್ತಿದ್ದರೆಂದು ಹೇಳಿ, ಅದಕ್ಕೆ ಕ್ರಿ.ಪೂ. 451-450ರ ‘ಹನ್ನೆರಡು ಫಲಕಗಳ’ ಕಾನೂನನ್ನು ಸಾಕ್ಷಿಯಾಗಿ ಕೊಡುತ್ತಾನೆ. ಆ ಕಾನೂನಿನಲ್ಲಿ ‘ಹೊಸ್ತಿಸ್’ನೊಡನೆ ವ್ಯಾಜ್ಯಕ್ಕೆ ಗೊತ್ತುಪಡಿಸಿದ ದಿನದ ಪ್ರಸ್ತಾಪವಿದೆ, ‘ಹೊಸ್ತಿಸ್’ಗೆ ಎದುರಾಗಿ ಸ್ವತ್ತಿನ ಹಕ್ಕು ಎಂದೆಂದಿಗೂ ಉಳಿಯುತ್ತದೆ ಎಂಬ ನಿಯಮವಿದೆ. ಶತ್ರುವಿನೊಡನೆ ನ್ಯಾಯಾಲಯದಲ್ಲಿ ದಿನ ಗೊತ್ತುಮಾಡಿಕೊಳ್ಳುವುದು ಅಸಂಗತ. ಆದುದರಿಂದ ಅಲ್ಲಿನ ‘ಹೊಸ್ತಿಸ್’ ರೋಮಿನ ಪ್ರಜೆಯೊಡನೆ ಕಾನೂನುಬದ್ಧ ವ್ಯವಹಾರ ನಡೆಸಬಲ್ಲ ಪರಸ್ಥಳದವನು ಎಂಬುದು ಸ್ಪಷ್ಟ. ಕಾಲಾಂತರದಲ್ಲಿ ಈ ಮೃದುವಾದ ಪದ ಕಠೋರವಾಯಿತೆಂದು ಸಿಸೆರೋ ಗುರುತಿಸಿರುವುದು ಅರ್ಥವ್ಯತ್ಯಾಸದ ಬಗೆಗಿನ ಹಳೆಯ ವಿವೇಚನೆಗಳಲ್ಲಿ ಒಂದಾಗಿ ಗಮನಾರ್ಹವಾಗಿದೆ.

ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ ಇಂಡೋ-ಯುರೋಪಿಯನ್ ಸಂಸ್ಥೆಗಳ ಶಬ್ದಕೋಶವನ್ನು ಕುರಿತು 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಷಯವನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಪ್ರಾಚೀನ ಕೋಶಕಾರ ಫೆಸ್ತುಸ್‌ನ ಹೇಳಿಕೆಯಂತೆ ‘ಹೊಸ್ತೀರೆ’ ಎಂಬ ಕ್ರಿಯಾಪದಕ್ಕೆ ‘ಸರಿಗಟ್ಟು’ ಎಂಬ ಅರ್ಥವಿತ್ತು. ರೋಮಿನ ಜನರೊಡನೆ ಸಮಾನ ಹಕ್ಕುಳ್ಳವರನ್ನು ‘ಹೊಸ್ತಿಸ್’ ಎನ್ನುತ್ತಿದ್ದರು. ಈ ಆಧಾರದ ಮೇಲೆ, ‘ಹೊಸ್ತಿಸ್’ ಎಂದರೆ ಯಾವನೋ ಒಬ್ಬ ಹೊರಗಿನವನಲ್ಲ, ಕೊಟ್ಟು ಕೊಳ್ಳುವ ಪರಸ್ಪರ ಬಾಧ್ಯತೆಯಿಂದ ಬದ್ಧನಾದ ಹೊರಗಿನವನು ಎಂಬ ನಿಲುವಿಗೆ ಬೆನ್ವೆನಿಸ್ತ್ ಬರುತ್ತಾರೆ. ದೇವತೆಗಳ ಕೋಪವನ್ನು ಸರಿದೂಗಿಸಲು ಅರ್ಪಿಸುವ ಬಲಿಗೆ ‘ಹೊಸ್ತಿಯ’ ಎಂಬ ಹೆಸರಿದ್ದುದನ್ನೂ ಅವರು ಇದೇ ‘ಸರಿಗಟ್ಟುವ’ ಅರ್ಥಕ್ಕೆ ಸೇರಿಸುತ್ತಾರೆ. ಕುಲಕ್ಕೂ ಕುಲಕ್ಕೂ ನಡುವೆ ಇದ್ದ ವಿನಿಮಯದ ಸಂಬಂಧಗಳು ಸಡಿಲವಾಗಿ, ನಗರರಾಜ್ಯವೆಂಬ ಘಟಕ ಬಲಗೊಂಡು, ಒಳಗಿನವರು ಮತ್ತು ಹೊರಗಿನವರು ಎಂಬ ಒಂದೇ ಗೆರೆ ಉಳಿದಾಗ, ಹಳೆಯ ಬಾಧ್ಯತೆಯ ಪದಕ್ಕೆ ನೆಲೆ ಇಲ್ಲವಾಯಿತು. ಗೆರೆಯಾಚೆಗಿನವನು ಶತ್ರುವಾದನು.

ಮುಂದೆ ರೋಮಾನ್ಸ್ ಭಾಷೆಗಳಲ್ಲಿ ಪದವು ಮತ್ತೊಂದು ತಿರುವು ಪಡೆಯಿತು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಹೊಸ್ತಿಸ್’ ಎಂದರೆ ಸೈನ್ಯ. ಸ್ಪ್ಯಾನಿಷ್‌ನ ‘ವೆಸ್ತೆ’, ರೊಮೇನಿಯನ್ನಿನ ‘ಒಆಸ್ತೆ’, ಪ್ರಾಚೀನ ಫ್ರೆಂಚಿನ ‘ಒಸ್ತ್’ ಇವೆಲ್ಲವೂ ಸೈನ್ಯವಾಚಕಗಳು. ‘ಶತ್ರು’ ಎಂಬ ಅರ್ಥಕ್ಕೆ ಖಾಸಗಿ ದ್ವೇಷಿಯ ಪದವಾದ ‘ಇನಿಮೀಕುಸ್’ ಬಂದು ನಿಂತಿತು. ಫ್ರೆಂಚಿನ ‘ಎನ್ಮಿ’, ಇಂಗ್ಲಿಷಿನ ‘ಎನಿಮಿ’ ಅದರಿಂದಲೇ ಹುಟ್ಟಿದವು.

ಹೊಸ್ಪೆಸ್: ಇಬ್ಬರಿಗೂ ಒಂದೇ ಹೆಸರು

‘ಹೊಸ್ತಿಸ್’ ಶತ್ರುವಾದ ಮೇಲೆ ಆತಿಥ್ಯದ ಅರ್ಥವನ್ನು ಉಳಿಸಿಕೊಂಡದ್ದು ‘ಹೊಸ್ಪೆಸ್’ ಎಂಬ ಸಮಾಸ. ಇದನ್ನು *ಘೊಸ್ತಿ-ಪೊತಿಸ್ ಎಂದು ಬಿಡಿಸುತ್ತಾರೆ. ಎರಡನೆಯ ಘಟಕವು ಸಂಸ್ಕೃತದ ‘ಪತಿ’ಯ ಜ್ಞಾತಿ. ಗ್ರೀಕ್‌ನ ‘ದೆಸ್ಪೊತೇಸ್’ ಅಂದರೆ ಮನೆಯೊಡೆಯ ಎಂಬ ಪದವೂ ಕನ್ನಡದಲ್ಲಿ ಬಳಕೆಯಲ್ಲಿರುವ ಸಂಸ್ಕೃತದ ‘ದಂಪತಿ’ಯೂ ಇದೇ ಘಟಕವನ್ನು ಒಳಗೊಂಡಿವೆ. ಹೀಗೆ ‘ಹೊಸ್ಪೆಸ್’ ಎಂದರೆ ಮೂಲದಲ್ಲಿ ‘ಅತಿಥಿಪತಿ’.

ಲ್ಯಾಟಿನ್ನಿನಲ್ಲಿ ‘ಹೊಸ್ಪೆಸ್’ ಮನೆಗೆ ಬಂದವನಿಗೂ ಬರಮಾಡಿಕೊಂಡವನಿಗೂ ಸಲ್ಲುತ್ತಿತ್ತು ಎಂಬುದು ಇಲ್ಲಿ ಮುಖ್ಯವಾದ ಅಂಶ. ಈ ದ್ವಂದ್ವ ಇಂದಿಗೂ ಉಳಿದಿದೆ. ಫ್ರೆಂಚಿನ ‘ಓತ್’ ಮತ್ತು ಇಟಾಲಿಯನ್ನಿನ ‘ಓಸ್ಪಿತೆ’ ಎಂಬ ಪದಗಳಿಗೆ ಅತಿಥಿ, ಆತಿಥೇಯ ಎಂಬ ಎರಡೂ ಅರ್ಥಗಳಿವೆ. ಯಾವುದೆಂಬುದನ್ನು ಸಂದರ್ಭವೇ ನಿರ್ಣಯಿಸಬೇಕು. ಸ್ಪ್ಯಾನಿಷ್‌ನ ‘ವೆಸ್ಪೆದ್’, ರೊಮೇನಿಯನ್ನಿನ ‘ಒಆಸ್ಪೆತೆ’ ರೂಪಗಳಲ್ಲಿ ಅತಿಥಿ ಎಂಬ ಅರ್ಥವೇ ಇಂದು ಪ್ರಧಾನ. ಒಂದೇ ಪದ ಎರಡು ಎದುರುಬದುರು ಸ್ಥಾನಗಳನ್ನು ಸೂಚಿಸುವುದನ್ನು ಭಾಷೆಯ ದೋಷವೆಂದು ಭಾವಿಸಬೇಕಾಗಿಲ್ಲ. ಇಂದು ಬಂದವನು ನಾಳೆ ಬರಮಾಡಿಕೊಳ್ಳಬೇಕಾದವನು. ಬಾಧ್ಯತೆ ಇಬ್ಬರಿಗೂ ಸಮಾನ. ಪದವು ಆ ಸಮಾನತೆಯನ್ನು ಹೆಸರಿಸುತ್ತದೆ.

ಈ ಸಂಬಂಧ ಬರಿಯ ಸೌಜನ್ಯವಾಗಿರಲಿಲ್ಲ, ಅದಕ್ಕೆ ಕುರುಹಿನ ಆಧಾರವಿತ್ತು. ರೋಮನ್ನರಲ್ಲಿ ‘ತೆಸ್ಸೆರ ಹೊಸ್ಪಿತಾಲಿಸ್’ ಎಂಬ ಆತಿಥ್ಯದ ಬಿಲ್ಲೆಯನ್ನು ಎರಡು ಮನೆತನಗಳು ಇಟ್ಟುಕೊಳ್ಳುತ್ತಿದ್ದವು. ಪ್ಲೌತುಸ್‌ನ ‘ಪೊಯೆನುಲುಸ್’ ನಾಟಕದಲ್ಲಿ ಕಾರ್ಥೇಜಿನಿಂದ ಬಂದ ಹನ್ನೊ ಇಂಥ ಬಿಲ್ಲೆಯನ್ನು ತೋರಿಸಿ, ಮನೆಯಲ್ಲಿರುವ ಬಿಲ್ಲೆಯೊಡನೆ ಹೊಂದಿಸಿ, ತನ್ನ ಸಂಬಂಧವನ್ನು ಸ್ಥಾಪಿಸುತ್ತಾನೆ. ಕಾರ್ಥೇಜ್ ರೋಮಿನ ಕಡುವೈರಿಯಾಗಿದ್ದ ನಗರ. ರಾಜ್ಯದ ಲೆಕ್ಕದಲ್ಲಿ ‘ಹೊಸ್ತಿಸ್’ ಆದವನು ಮನೆಯ ಲೆಕ್ಕದಲ್ಲಿ ‘ಹೊಸ್ಪೆಸ್’ ಆಗಬಹುದೆಂಬುದನ್ನು ನೋಡಿ ರೋಮಿನ ಪ್ರೇಕ್ಷಕರು ಒಪ್ಪಿಕೊಂಡಿದ್ದರು.

ಇಂಗ್ಲಿಷಿನಲ್ಲಿ ಈ ಕುಲದ ಎಳೆಗಳೆಲ್ಲ ಒಂದೆಡೆ ಸೇರಿವೆ. ಅತಿಥಿ ಎಂಬರ್ಥದ ‘ಗೆಸ್ಟ್’ ಜರ್ಮಾನಿಕ್ ದಾರಿಯಲ್ಲಿ ಬಂದರೆ, ಆತಿಥೇಯ ಎಂಬರ್ಥದ ‘ಹೋಸ್ಟ್’ ಲ್ಯಾಟಿನ್ನಿನ ‘ಹೊಸ್ಪೆಸ್’ನಿಂದ ಫ್ರೆಂಚಿನ ಮೂಲಕ ಬಂದಿದೆ. ಒಂದೇ ಮೂಲದ ಎರಡು ಪದಗಳನ್ನು ಆ ಭಾಷೆ ಸಂಬಂಧದ ಎರಡು ತುದಿಗಳಿಗೆ ಹಂಚಿಕೊಟ್ಟಿದೆ. ಇದಲ್ಲದೆ ಸೈನ್ಯ ಅಥವಾ ಸಮೂಹ ಎಂಬರ್ಥದ ‘ಹೋಸ್ಟ್’ ನೇರವಾಗಿ ‘ಹೊಸ್ತಿಸ್’ನಿಂದಲೂ, ಕ್ರೈಸ್ತರ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ ಎಂಬರ್ಥದ ‘ಹೋಸ್ಟ್’ ‘ಹೊಸ್ತಿಯ’ದಿಂದಲೂ ಬಂದಿವೆ. ನಿಘಂಟಿನಲ್ಲಿ ಇವು ಮೂರು ಬೇರೆ ಬೇರೆ ನಮೂದುಗಳು. ಚೆಕ್ ಭಾಷೆಯಲ್ಲಿ ಇಂಗ್ಲಿಷಿನ ಅದೇ ನಾಲ್ಕು ಅಕ್ಷರಗಳಿಂದ ಬರೆಯುವ ‘ಹೊಸ್ತ್’ ಎಂದರೆ ಅತಿಥಿ. ಅಲ್ಲಿನ ಹಕಾರ ಲ್ಯಾಟಿನ್ನಿನದಲ್ಲ; ಸ್ಲಾವಿಕ್ ಗಕಾರವು ಚೆಕ್ ಭಾಷೆಯಲ್ಲಿ ಹಕಾರವಾದುದರ ಫಲ. ಎರಡು ಬೇರೆ ದಾರಿಗಳಲ್ಲಿ ನಡೆದ ಪದಗಳು ರೂಪದಲ್ಲಿ ಮತ್ತೆ ಒಂದಾಗಿ, ಅರ್ಥದಲ್ಲಿ ಎದುರಾಗಿ ನಿಂತಿವೆ.

ಸ್ಲಾವಿಕ್: ಅತಿಥಿಯಿಂದ ವರ್ತಕನೆಡೆಗೆ, ಒಡೆಯನೆಡೆಗೆ

ಸ್ಲಾವಿಕ್ ಭಾಷೆಗಳಲ್ಲಿ ಪದವು ಶತ್ರುತ್ವದ ಕಡೆಗೆ ಹೊರಳದೆ ವ್ಯಾಪಾರದ ಕಡೆಗೆ ಹೊರಳಿತು. ಪ್ರಾಚೀನ ರಷ್ಯನ್ನಿನಲ್ಲಿ ‘ಗೋಸ್ತ್’ ಎಂದರೆ ಅತಿಥಿ ಮಾತ್ರವಲ್ಲ, ದೂರದಿಂದ ಬಂದ ವರ್ತಕ. ಮಾಸ್ಕೋ ರಾಜ್ಯದ ಕಾಲದಲ್ಲಿ ಅದು ಅತ್ಯುನ್ನತ ದರ್ಜೆಯ ವರ್ತಕರ ಬಿರುದು. ಸೇಂಟ್ ಪೀಟರ್ಸ್‌ಬರ್ಗ್ ನಗರದ ‘ಗೊಸ್ತಿನಿ ದ್ವೋರ್’ ಎಂಬ ಹಳೆಯ ಮಾರುಕಟ್ಟೆಯ ಹೆಸರಿನಲ್ಲಿ ಈ ಅರ್ಥ ಉಳಿದಿದೆ. ಪೋಲಿಷ್‌ನಲ್ಲಿ ‘ಗೊಶ್ಚಿನೆತ್ಸ್’ ಎಂದರೆ ಹೆದ್ದಾರಿ. ರಷ್ಯನ್ನಿನಲ್ಲಿ ಅದರ ಸಮಾನ ರೂಪವಾದ ‘ಗೊಸ್ತಿನೆತ್ಸ್’ ಎಂದರೆ ಬರುವಾಗ ತರುವ ಕಾಣಿಕೆ, ವಿಶೇಷವಾಗಿ ಮಕ್ಕಳಿಗೆ ತರುವ ಸಿಹಿತಿಂಡಿ. ದಾರಿ, ಸಂತೆ, ಕಾಣಿಕೆ ಈ ಮೂರೂ ಬಂದುಹೋಗುವವನ ಸುತ್ತ ಬೆಳೆದ ಅರ್ಥಗಳು. ಅಪರಿಚಿತನಿಂದ ಸರಕನ್ನು ನಿರೀಕ್ಷಿಸುವ ಸಮಾಜದಲ್ಲಿ ಅವನ ಹೆಸರು ಹಗೆತನವನ್ನು ಪಡೆಯಲಿಲ್ಲ.

‘ಅತಿಥಿಪತಿ’ ಎಂಬ ಸಮಾಸವೂ ಇಲ್ಲಿ ಬೇರೆ ಎತ್ತರಕ್ಕೆ ಏರಿದೆ. ರಷ್ಯನ್ನಿನಲ್ಲಿ ದೇವರನ್ನು ಕರೆಯುವ ‘ಗೊಸ್ಪೋದ್’ ಎಂಬ ಪದವನ್ನು ಬಹುಪಾಲು ವಿದ್ವಾಂಸರು ‘ಹೊಸ್ಪೆಸ್’ನ ಸಜಾತೀಯ ಸಮಾಸವೆಂದು ಗುರುತಿಸುತ್ತಾರೆ. ಅದಕ್ಕೆ ಸಂಬಂಧಿಸಿದ ಪೋಲಿಷ್‌ನ ‘ಗೊಸ್ಪೊದಾಷ್’ ಎಂದರೆ ಮನೆಯ ಯಜಮಾನ, ರೈತ, ಆತಿಥೇಯ. ಚೆಕ್‌ನ ‘ಹೊಸ್ಪೊದ’ ಎಂದರೆ ಪಾನಗೃಹ. ‘ಹೊಸ್ಪೊದಾರ್’ ಎಂಬುದು ಮೊಲ್ದಾವಿಯ ಮತ್ತು ವಲಾಖಿಯ ಪ್ರಾಂತ್ಯಗಳ ಅರಸರ ಬಿರುದು. ರಷ್ಯನ್ನಿನಲ್ಲಿ ಪ್ರಭುತ್ವ, ರಾಜ್ಯ ಎಂಬರ್ಥದ ‘ಗೊಸುದಾರ್‌ಸ್ತ್ವೊ’ ಕೂಡ ಈ ಕುಲಕ್ಕೇ ಸೇರಿದ್ದು. ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆಯುವ ಅಧಿಕಾರವುಳ್ಳವನು ಕ್ರಮೇಣ ಮನೆಯ, ನಾಡಿನ, ಲೋಕದ ಒಡೆಯನಾಗುತ್ತಾನೆ. ಅತಿಥಿಯ ಕಡೆಯ ಅರ್ಥ ಹಿಂದೆ ಸರಿದು ಒಡೆತನದ ಅರ್ಥ ಮುಂದೆ ಬಂದಿದೆ.

ಜರ್ಮಾನಿಕ್: ಬಂದವನು, ಹೋಗಬೇಕಾದವನು

ಕ್ರಿ.ಶ. 4ನೆಯ ಶತಮಾನದಲ್ಲಿ ವುಲ್ಫಿಲ ಮಾಡಿದ ಗಾಥಿಕ್ ಬೈಬಲ್ ಅನುವಾದದಲ್ಲಿ ‘ಗಸ್ತ್ಸ್’ ಪದವು ಗ್ರೀಕ್‌ನ ‘ಕ್ಸೆನೊಸ್’ ಪದಕ್ಕೆ ಸಂವಾದಿಯಾಗಿ ಬಂದಿದೆ. ‘ಕ್ಸೆನೊಸ್’ ಕೂಡ ಪರಕೀಯ, ಅತಿಥಿ, ಆತಿಥೇಯ ಎಂಬ ಮೂರೂ ಅರ್ಥಗಳ ಪದ. ಡೆನ್ಮಾರ್ಕಿನ ಗಲ್ಲೆಹುಸ್‌ನಲ್ಲಿ 1734ರಲ್ಲಿ ದೊರೆತ, 1802ರಲ್ಲಿ ಕಳುವಾಗಿ ಕರಗಿಸಲ್ಪಟ್ಟ ಚಿನ್ನದ ಕೊಂಬಿನ ರೂನಿಕ್ ಬರಹದಲ್ಲಿ ಅದನ್ನು ಮಾಡಿದವನ ಹೆಸರು ‘ಹ್ಲೆವಗಸ್ತಿಜ್’ ಎಂದಿದೆ. ಸುಮಾರು 5ನೆಯ ಶತಮಾನದ ಈ ಅಂಕಿತನಾಮದ ಎರಡನೆಯ ಭಾಗ ‘ಅತಿಥಿ’. ಹೆಸರಿನಲ್ಲಿ ಧರಿಸಬಹುದಾದಷ್ಟು ಗೌರವ ಆ ಪದಕ್ಕಿತ್ತು.

ಈ ಶಾಖೆಯಲ್ಲಿ ‘ಅತಿಥಿ’ ಎಂಬ ಅರ್ಥ ಇಂದಿನವರೆಗೂ ಉಳಿದಿದೆ. ಆದರೆ ಪ್ರಾಚೀನ ಸಮಾನತೆ ಉಳಿದಿದೆಯೇ ಎಂಬುದು ಬೇರೆ ಪ್ರಶ್ನೆ. 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ತತ್ತ್ವಜ್ಞಾನಿ ಕಾಂಟ್, ಪರನಾಡಿಗೆ ಬಂದವನನ್ನು ಶತ್ರುವಿನಂತೆ ಕಾಣಬಾರದೆಂಬುದು ದಯೆಯ ಮಾತಲ್ಲ, ಹಕ್ಕಿನ ಮಾತು ಎಂದು ಪ್ರತಿಪಾದಿಸುತ್ತಾನೆ. ಆದರೆ ಅದು ಭೇಟಿಯ ಹಕ್ಕೇ ಹೊರತು ಅತಿಥಿಯಾಗಿ ಉಳಿಯುವ ಹಕ್ಕಲ್ಲ. ಅದಕ್ಕೆ ಪ್ರತ್ಯೇಕ ಒಪ್ಪಂದ ಬೇಕು ಎಂದೂ ಗೆರೆ ಎಳೆಯುತ್ತಾನೆ. ಲ್ಯಾಟಿನ್ ಮೂಲದ ‘ಹೊಸ್ಪಿತಾಲಿತೆತ್’ ಮತ್ತು ದೇಶೀಯವಾದ ‘ಗಾಸ್ಟ್’ ಎರಡೂ ಆ ಒಂದೇ ಚರ್ಚೆಯಲ್ಲಿ ಬರುತ್ತವೆ.

ಎರಡನೆಯ ಮಹಾಯುದ್ಧದ ನಂತರ ಈ ಗೆರೆ ಲಕ್ಷಾಂತರ ಜನರ ಬದುಕಿನ ಮೇಲೆ ಬಿದ್ದಿತು. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಡನೆಯೂ 1961ರಲ್ಲಿ ಟರ್ಕಿಯೊಡನೆಯೂ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದಗಳನ್ನು ಮಾಡಿಕೊಂಡಿತು. ಹಾಗೆ ಬಂದವರಿಗೆ ಬಳಕೆಯಾದ ಹೆಸರು ‘ಗಾಸ್ಟ್‌ಆರ್ಬೈಟರ್’, ಅಂದರೆ ‘ಅತಿಥಿ ಕಾರ್ಮಿಕ’. ಪದ ಗೌರವದ್ದಾಗಿ ತೋರಿದರೂ ಅದರಲ್ಲಿ ಅಡಗಿದ್ದ ನಿರೀಕ್ಷೆ, ಅತಿಥಿಯಾದವನು ಒಂದು ದಿನ ಹೊರಡುತ್ತಾನೆ ಎಂಬುದು. 1973ರಲ್ಲಿ ನೇಮಕಾತಿ ನಿಂತಿತು. ಅನೇಕರು ಹಿಂದಿರುಗಲಿಲ್ಲ; ಅಲ್ಲೇ ಹುಟ್ಟಿದ ಅವರ ಮಕ್ಕಳಿಗೆ ಕೆಲವು ಷರತ್ತುಗಳಿಗೊಳಪಟ್ಟು ಹುಟ್ಟಿನಿಂದಲೇ ಪೌರತ್ವ ದೊರೆಯುವ ಕಾನೂನು ಜಾರಿಗೆ ಬಂದುದು 2000ದ ಜನವರಿ 1ರಂದು. ದುಡಿಮೆಯನ್ನು ಪಡೆದು ಹಕ್ಕನ್ನು ಮುಂದೂಡುವ ವ್ಯವಸ್ಥೆಗೆ ‘ಅತಿಥಿ’ ಎಂಬ ಸವಿನುಡಿ ಒದಗಿಬಂದಿತು. ಲ್ಯಾಟಿನ್ನಿನಲ್ಲಿ ಸಮಾನತೆ ಕಳಚಿದಾಗ ಪದದ ಅರ್ಥ ಬದಲಾಗಿತ್ತು. ಇಲ್ಲಿ ಅರ್ಥ ಬದಲಾಗದೆಯೇ ಸಮಾನತೆ ಕಳಚಿತು.

ಮನೆಯಿಂದ ಸಂಸ್ಥೆಗೆ

‘ಹೊಸ್ಪೆಸ್’ನಿಂದ ಹುಟ್ಟಿದ ‘ಹೊಸ್ಪಿತಾಲೆ’ ಎಂದರೆ ಅತಿಥಿಗಳ ತಂಗುದಾಣ. ಕ್ರೈಸ್ತ ಯಾತ್ರಿಕರಿಗೂ ಬಡವರಿಗೂ ರೋಗಿಗಳಿಗೂ ಇದು ಸಮಾನವಾದ ಆಶ್ರಯವಾಗಿತ್ತು. ಜೆರುಸಲೆಮ್ಮಿನ ಯಾತ್ರಿಕರ ಸೇವೆಗಾಗಿ ಏರ್ಪಟ್ಟು, 1113ರಲ್ಲಿ ಪೋಪರ ಮನ್ನಣೆ ಪಡೆದ ಧಾರ್ಮಿಕ ಸಂಘಕ್ಕೆ ‘ಹಾಸ್ಪಿಟಲರ್’ ಎಂಬ ಹೆಸರು ಬಂದುದು ಇದರಿಂದಲೇ. ಮುಂದೆ ಈ ಒಂದೇ ಆಶ್ರಯದ ಕೆಲಸಗಳು ಬೇರ್ಪಟ್ಟಂತೆ ಪದವೂ ಬೇರ್ಪಟ್ಟಿತು. ರೋಗಿಗಳ ಆರೈಕೆಗೆ ‘ಹಾಸ್ಪಿಟಲ್’ ಉಳಿಯಿತು. ಪ್ರಾಚೀನ ಫ್ರೆಂಚಿನಲ್ಲಿ ಸವೆದ ರೂಪವಾದ ‘ಹೊಸ್ತೆಲ್’ ವಸತಿಗೆ ನಿಂತಿತು. ಸಕಾರ ಲೋಪವಾದ ‘ಓತೆಲ್’ ಹಣ ಕೊಟ್ಟು ತಂಗುವ ಸ್ಥಳವಾಯಿತು. ಆದರೂ ಫ್ರೆಂಚಿನಲ್ಲಿ ‘ಓತೆಲ್ ದ ವೀಲ್’ ಎಂದರೆ ನಗರಸಭೆಯ ಭವನ. ಪ್ಯಾರಿಸ್ಸಿನ ‘ಓತೆಲ್-ದ್ಯೂ’ ಒಂದು ಆಸ್ಪತ್ರೆ. 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ‘ಹಾಸ್ಪಿಸ್’ನಿಂದಾಗಿ, ಯಾತ್ರಿಕರ ತಂಗುದಾಣದ ಹಳೆಯ ಪದ ಮರಣಾಸನ್ನರ ಆರೈಕೆಯ ಕೇಂದ್ರಕ್ಕೆ ಸಲ್ಲುವುದು ವ್ಯಾಪಕವಾಯಿತು.

ಕನ್ನಡಕ್ಕೆ ಬಂದಾಗ ಈ ಪದಗಳು ಮತ್ತೆ ಹೊಂದಿಕೊಂಡಿವೆ. ‘ಹೋಟೆಲು’ ಇಲ್ಲಿ ಪ್ರಧಾನವಾಗಿ ಊಟ-ತಿಂಡಿಯ ಸ್ಥಳ. ತಂಗುವುದಕ್ಕೆ ‘ಲಾಡ್ಜು’ ಬೇರೆಯಿದೆ. ‘ಹಾಸ್ಟೆಲು’ ವಿದ್ಯಾರ್ಥಿನಿಲಯ. ‘ಆಸ್ಪತ್ರೆ’ಯಂತೂ ಪದಾದಿಯ ಹಕಾರವನ್ನು ಕಳೆದುಕೊಂಡು, ಎಕಾರಾಂತವಾಗಿ, ದೇಶೀಯ ಪದದಂತೆ ನೆಲೆಗೊಂಡಿದೆ.

ಕನ್ನಡದ ಅಧ್ಯಯನಕ್ಕೆ ಒದಗುವ ಅಂಶಗಳು

ಕನ್ನಡದ ಭಾಷಾಶಾಸ್ತ್ರ ಪಠ್ಯಗಳಲ್ಲಿ ಅರ್ಥವ್ಯತ್ಯಾಸವನ್ನು ಅರ್ಥಸಂಕೋಚ, ಅರ್ಥವಿಕಾಸ, ಹೀನಾರ್ಥಪ್ರಾಪ್ತಿ, ಉತ್ತಮಾರ್ಥಪ್ರಾಪ್ತಿ ಮೊದಲಾಗಿ ವಿಂಗಡಿಸುವುದು ರೂಢಿ. ಆ ಪ್ರಕಾರ ಲ್ಯಾಟಿನ್ನಿನ ‘ಹೊಸ್ತಿಸ್’ ಹೀನಾರ್ಥಪ್ರಾಪ್ತಿಗೂ ರಷ್ಯನ್ನಿನ ‘ಗೊಸ್ಪೋದ್’ ಉತ್ತಮಾರ್ಥಪ್ರಾಪ್ತಿಗೂ ಉದಾಹರಣೆಗಳಾಗುತ್ತವೆ. ಈ ವಿಂಗಡಣೆ ತಪ್ಪಲ್ಲ. ಆದರೆ ಅದು ಫಲಿತಾಂಶಕ್ಕೆ ಹೆಸರು ಕೊಡುತ್ತದೆ, ಕಾರಣವನ್ನು ಹೇಳುವುದಿಲ್ಲ. ಒಂದೇ ಪದ ಒಂದೆಡೆ ಕೆಳಗಿಳಿದು ಮತ್ತೊಂದೆಡೆ ಮೇಲೇರಿದುದೇಕೆ ಎಂಬುದನ್ನು ನಗರರಾಜ್ಯ, ವರ್ತಕದಾರಿ, ಧರ್ಮಛತ್ರ, ಪೌರತ್ವದ ಕಾನೂನು ಮುಂತಾದ ಸಂಸ್ಥೆಗಳ ಚರಿತ್ರೆಯಿಂದಲೇ ತಿಳಿಯಬೇಕಾಗುತ್ತದೆ.

ಇಂಥ ವಿವೇಚನೆಗೆ ಭಾರತೀಯ ಸಾಮಗ್ರಿಯೂ ವಿಪುಲವಾಗಿದೆ. ‘ಮುರಾರಿ’, ‘ಪುರಾರಿ’ ಪದಗಳಲ್ಲಿ ಶತ್ರು ಎಂಬರ್ಥದಲ್ಲಿ ಪರಿಚಿತವಾಗಿರುವ ‘ಅರಿ’ ಪದಕ್ಕೆ ಋಗ್ವೇದದಲ್ಲಿ ‘ಪರಕೀಯ’ ಎಂಬುದೇ ಮೂಲಾರ್ಥವೆಂದೂ, ಅದರಿಂದಲೇ ಒಂದೆಡೆ ಆತಿಥ್ಯದ ಮತ್ತೊಂದೆಡೆ ವೈರದ ಅರ್ಥಗಳು ಹೊರಟವೆಂದೂ ಪೌಲ್ ಥೀಮೆ 1938ರಲ್ಲಿ ವಾದಿಸಿದರು. ಈ ವಾದಕ್ಕೆ ವಿರೋಧವೂ ಬಂದಿದೆ. ಆದರೂ ‘ಹೊಸ್ತಿಸ್’ ಎತ್ತುವ ಪ್ರಶ್ನೆಯನ್ನೇ ಅದೂ ಎತ್ತುತ್ತದೆ ಎಂಬುದು ಗಮನಾರ್ಹ. ದ್ರಾವಿಡದಲ್ಲಿ ದಾರಿ ಬೇರೆ. ತಮಿಳಿನ ‘ವಿರುಂದು’ ಪದಕ್ಕೆ ಹೊಸತನ, ಔತಣ, ಅತಿಥಿ ಎಂಬ ಅರ್ಥಗಳಿವೆ. ಹಳಗನ್ನಡದ ‘ಬಿರ್ದು’, ತೆಲುಗಿನ ‘ವಿಂದು’ ಅದರ ಜ್ಞಾತಿಗಳು. ಕನ್ನಡದ ‘ನಂಟ’, ‘ನೆಂಟ’ ಪದಗಳಾದರೋ ಸಾಮೀಪ್ಯ ಹಾಗೂ ಸ್ನೇಹವನ್ನು ಸೂಚಿಸುವ ಧಾತುವಿಗೆ ಸೇರಿದವು. ಮನೆಗೆ ಬಂದವರನ್ನು ‘ನೆಂಟರು’ ಎನ್ನುವಾಗ ಕನ್ನಡವು ಬಂದವನ ಪರಕೀಯತೆಯನ್ನಲ್ಲ, ಹತ್ತಿರದವನಾಗಿರುವುದನ್ನು ಹೆಸರಿಸುತ್ತದೆ. ಹಾಗಾದರೆ ನೆಂಟನಲ್ಲದ ಅಪರಿಚಿತನಿಗೆ ಕನ್ನಡ ಸಮಾಜ ಯಾವ ಕಾಲದಲ್ಲಿ ಯಾವ ಹೆಸರುಗಳನ್ನು ಇಟ್ಟಿತು, ಆ ಹೆಸರುಗಳು ಯಾವ ಹಕ್ಕನ್ನು ಕೊಟ್ಟವು, ಯಾವುದನ್ನು ತಡೆದವು ಎಂಬುದು ಶಾಸನ ಮತ್ತು ಕಾವ್ಯಗಳ ಆಧಾರದಿಂದ ಪರಿಶೀಲಿಸಬೇಕಾದ ವಿಷಯವಾಗಿದೆ. ನಿಘಂಟು ಕೊಡುವ ಅರ್ಥಗಳ ಪಟ್ಟಿಯನ್ನು ದಾಟಿ, ಆ ಅರ್ಥಗಳನ್ನು ಎತ್ತಿಹಿಡಿದಿದ್ದ ವ್ಯವಸ್ಥೆಗಳ ಕಡೆಗೆ ಹೋದಾಗಲೇ ಅಂಥ ಅಧ್ಯಯನ ಪೂರ್ಣವಾದೀತು.